ಹತ್ತುವವರ ದಾರಿ

ಕೊಳ್ಳದ ಅಂಚಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪವಿರಲಿಲ್ಲ, ಪಾರಾಯಣವಿರಲಿಲ್ಲ. ಓಟವಿತ್ತು.

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಶಿಷ್ಯರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಾಡಿನ ಕಾಲುದಾರಿಯಲ್ಲಿ ಹೊಳೆಯ ತನಕ ಓಡಿ ಇಳಿಯಬೇಕು. ನೀರು ತುಂಬಿಕೊಂಡು ಓಡಿಯೇ ಹತ್ತಬೇಕು. ಗುರು ಒಬ್ಬ ಮುದುಕಿ, ಊರವರ ಬಾಯಲ್ಲಿ ಕೊಳ್ಳದವ್ವ. ಮೊಣಕಾಲು ಸವೆಯುವ ತನಕ ತಾನು ಓಡಿದವಳು, ಈಗ ಜಗಲಿಯ ಮೇಲೆ ಕೂತು ಬೇರೆಯವರನ್ನು ಓಡಿಸುತ್ತಿದ್ದಳು.

ದಾರಿಯ ನಡುವೆ ಒಂದು ಇಕ್ಕಟ್ಟು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಎದುರುಬದುರು ಬಂದವರು ಅಲ್ಲಿ ದಾಟಲಾರರು, ಒಬ್ಬರು ಹಿಂದೆ ಸರಿಯಲೇಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಇಳಿಯುವವರು ಹಿಂದೆ ಸರಿಯಬೇಕು, ಹತ್ತುವವರಿಗೆ ದಾರಿ ಬಿಡಬೇಕು. ಹತ್ತುವವರ ಉಸಿರು ಒಮ್ಮೆ ಕಡಿದರೆ ಮತ್ತೆ ಕೂಡಿಸಿಕೊಳ್ಳುವುದು ಕಷ್ಟ. ದೋಣಿಕಟ್ಟೆಯಿಂದ ಉಪ್ಪಿನ ಮೂಟೆ ಹೊತ್ತು ಬರುವ ಹೆಂಗಸರಿಗಂತೂ ಅಲ್ಲಿ ತಿರುಗುವುದೆಂದರೆ ಬೀಳುವುದೇ ಸರಿ.

ಒಂದು ಬೆಳಗ್ಗೆ ದೇವೀರನೆಂಬ ಶಿಷ್ಯ ನೀರು ಹೊತ್ತು ಇಕ್ಕಟ್ಟಿನ ಅರ್ಧಕ್ಕೆ ಬಂದಿದ್ದ. ಎದುರಿಗೆ ಬೊಮ್ಮಲಿಂಗ ನಾಯಕರ ಪಲ್ಲಕ್ಕಿ ಇಳಿದು ಬಂತು. ನಾಯಕರು ಹೊಳೆಯ ದಡದಲ್ಲಿ ಹೊಸದಾಗಿ ಬೇಟೆಮನೆ ಕಟ್ಟಿಸಿದ್ದರು. ಸೀಮೆಗೆಲ್ಲ ಅವರೇ ಒಡೆಯರು, ಸಿಟ್ಟು ಮೂಗಿನ ತುದಿಯಲ್ಲಿ.

"ಸರಿಯೋ ಅತ್ತ!" ಎಂದರು ನಾಯಕರು.

ಆಶ್ರಮದಲ್ಲೇ ಚುರುಕು ಕಾಲಿನ ದೇವೀರ ಅಷ್ಟೂ ದೂರ ಹಿಂದು ಹಿಂದಕ್ಕೆ ಇಳಿದ. ಕೈಮುಗಿದು ನಿಂತ. ಪಲ್ಲಕ್ಕಿ ದಾಟಿಹೋಯಿತು.

"ಯಾಕೆ ತಡ?" ಎಂದು ಆಶ್ರಮ ಸೇರಿದವನನ್ನು ಅವ್ವ ಕೇಳಿದಳು.

"ನಾಯಕರು ಬಂದ್ರು. ದಾರಿ ಬಿಟ್ಟೆ."

ಅವ್ವ ಬುರುಡೆಯ ಬಿರಡೆ ಕಿತ್ತು ನೀರನ್ನಷ್ಟೂ ಅಂಗಳಕ್ಕೆ ಸುರಿದಳು.

"ಅವ್ವಾ! ಯಾಕೆ ಚೆಲ್ಲಿದ್ರಿ?"

"ಇದು ಹತ್ತಿ ಬಂದ ನೀರಲ್ಲ. ಬೇಡಿ ಬಂದ ನೀರು."

ದೇವೀರನಿಗೆ ಉರಿದುಹೋಯಿತು. "ಒಂದು ಗಳಿಗೆ ನಿಂತೆ ಅಷ್ಟೇ. ಅದ್ರಲ್ಲಿ ನಾನೇನು ಕಳ್ಕೊಂಡೆ?"

"ನೀನೇನೂ ಕಳ್ಕೊಳ್ಳಲಿಲ್ಲ ಮಗ. ನಿನ್ನದಲ್ಲದ್ದನ್ನ ಕೊಟ್ಟು ಬಂದೆ."

ಮುದುಕಿಗೆ ಅರುಳುಮರುಳು ಎಂದುಕೊಂಡ ದೇವೀರ. ಅಂದಿನಿಂದ ಅವ್ವ ಅವನು ತಂದ ನೀರು ಕುಡಿಯಲಿಲ್ಲ. ಅವನು ತರುವುದು ಬಿಡಲಿಲ್ಲ, ಅವಳು ಚೆಲ್ಲುವುದು ಬಿಡಲಿಲ್ಲ.

ಮೂರನೆಯ ದಿನ ಓಡಿ ಹತ್ತುತ್ತಿದ್ದಾಗ ಇಕ್ಕಟ್ಟಿನ ಕೆಳಗಿಂದ ನರಳುವ ದನಿ ಕೇಳಿಸಿತು. ಬಗ್ಗಿ ನೋಡಿದ. ಉಪ್ಪು ಹೊರುವ ಸಾಕಕ್ಕ ಒಂದು ಆಲದ ಬೇರನ್ನು ಅಪ್ಪಿಕೊಂಡು ಬಿದ್ದಿದ್ದಳು. ಬಲಗೈ ಸೊಟ್ಟಗೆ ತಿರುಗಿತ್ತು. ಮೂಟೆ ಹೊಳೆಯ ಪಾಲಾಗಿತ್ತು.

ದೇವೀರ ಅವಳನ್ನು ಎಳೆದು ಮೇಲೆ ತಂದ. ಬುರುಡೆ ಬಿಸಾಡಿ ಅವಳನ್ನೇ ಬೆನ್ನಿಗೆ ಹಾಕಿಕೊಂಡು ಹತ್ತತೊಡಗಿದ.

"ಏನಾಯ್ತಕ್ಕ?"

"ನಾಯಕರ ಪಲ್ಲಕ್ಕಿ. ಹತ್ತೋರಿಗೆ ದಾರಿ ಬಿಡಿ ಬುದ್ದೀ ಅಂದೆ. ಆಶ್ರಮದ ಓಟಗಾರನೇ ಬಿಟ್ಟ, ನಿಂದೇನೇ ಅಂದ್ರು. ತಿರುಗೋಕೆ ಹೋದೆ, ಕಾಲು ಜಾರ್ತು." ಸಾಕಕ್ಕ ಅವನ ಹೆಗಲ ಮೇಲೆ ಬಿಕ್ಕಿದಳು. "ಅಪ್ಪನ ಕಾಲದಿಂದ ಬಂದ ಕಟ್ಟಳೆ. ಯಾವನಪ್ಪಾ ಅದನ್ನ ಬಿಟ್ಟುಕೊಟ್ಟ ಪುಣ್ಯಾತ್ಮ?"

ದೇವೀರ ನಾಲ್ಕು ಹೆಜ್ಜೆ ಹತ್ತಿದ. ಹೇಳದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ನಾನೇ ಅಕ್ಕ."

ಸಾಕಕ್ಕನ ಬಿಕ್ಕು ನಿಂತಿತು.

"ಇಳಿಸು."

"ಅಕ್ಕಾ, ಕೈ ಮುರಿದಿದೆ."

"ಕಾಲು ಮುರಿದಿಲ್ಲ. ಇಳಿಸು."

ಉಳಿದ ದಾರಿಯನ್ನು ಅವಳು ಮುರಿದ ಕೈ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ನಡೆದೇ ಹತ್ತಿದಳು. ದೇವೀರ ಹಿಂದೆ ಹಿಂದೆ ಬಂದ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಅವ್ವ ಸಾಕಕ್ಕನ ಕೈಗೆ ಬಿದಿರಿನ ದಬ್ಬೆ ಕಟ್ಟಿ, ಜಗಲಿಯ ಮೇಲೆ ಮಲಗಿಸಿದಳು. ದೇವೀರ ಕಂಬ ಹಿಡಿದು ನಿಂತಿದ್ದ.

"ನಾನೀಗ ಏನು ಮಾಡ್ಲಿ ಅವ್ವಾ?"

"ನಾಳೆ ನೀರು ತಾ."

"ನಾಯಕರು ಎದುರಾದ್ರೆ?"

"ನೀರು ತಾ ಅಂದೆ."

"ಬಿಡದೇ ಹೋದ್ರೆ ಅವರು ಕಾಲು ಮುರಿಸ್ತಾರೆ. ಓಡೋನಿಗೆ ಕಾಲು ಬಿಟ್ಟು ಇನ್ನೇನಿದೆ ಅವ್ವಾ?"

ಅವ್ವ ತನ್ನ ಊರುಗೋಲನ್ನು ಅವನತ್ತ ನೂಕಿದಳು. "ಮುರಿದ್ರೆ ಇದನ್ನ ಊರಿಕೊಂಡು ಬಾ. ನೀರಂತೂ ಬರಬೇಕು."

ಮರುದಿನ ಬೆಳಗ್ಗೆ ದೇವೀರ ಇಕ್ಕಟ್ಟಿನ ಅರ್ಧಕ್ಕೆ ಬಂದಾಗ ಪಲ್ಲಕ್ಕಿಯೂ ಬಂತು. ಅದನ್ನು ಹೊತ್ತ ಬೋವಿಗಳು ನಾಲ್ವರು, ಒಬ್ಬರ ಹಿಂದೊಬ್ಬರು. ಮುಂದಿನವನು ದುರುಗಣ್ಣ, ತಲೆ ನರೆತವನು.

"ಸರಿಯೋ!" ಎಂದರು ನಾಯಕರು.

ದೇವೀರನಿಗೆ ಮಾತಾಡಲು ಉಸಿರಿರಲಿಲ್ಲ. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಆದರೂ ತಲೆ ಅಲ್ಲಾಡಿಸಿದ. ಇಲ್ಲ.

"ಕಿವಿ ಕೇಳ್ಸಲ್ವೇನೋ?"

"ಹತ್ತುತಾ ಇದೀನಿ," ಎಂದ ದೇವೀರ. ಅಷ್ಟೇ ಹೊರಟಿತು ಬಾಯಿಂದ.

"ದುರುಗಾ! ತಳ್ಳು ಅವನನ್ನ!"

ದುರುಗಣ್ಣ ದೇವೀರನನ್ನು ನೋಡಿದ. ಅವನ ಬೆನ್ನಿನ ಬುರುಡೆ ನೋಡಿದ. ಕೆಳಗೆ ಪ್ರಪಾತ ನೋಡಿದ.

"ತಳ್ಳೋಕೆ ಎರಡೂ ಕೈ ಬೇಕು ಬುದ್ದೀ," ಎಂದ ನಿಧಾನವಾಗಿ. "ಪಲ್ಲಕ್ಕಿ ಬಿಡಬೇಕಾಗ್ತದೆ. ಬಿಡಾಣ್ವಾ?"

ನಾಯಕರು ಪರದೆ ಸರಿಸಿ ಕೆಳಗೆ ಇಣುಕಿದರು. ಹೊಳೆ ಹಗ್ಗದಷ್ಟು ಸಣ್ಣಗೆ ಕಂಡಿತು. ಎರಡೂ ಕೈಯಲ್ಲಿ ಪಲ್ಲಕ್ಕಿಯ ದಂಡಿಗೆ ಹಿಡಿದುಕೊಂಡರು.

"ಹಿಂದಕ್ಕೆ ನಡೀರೋ," ಎಂದರು.

ಪಲ್ಲಕ್ಕಿ ಹಿಂದು ಹಿಂದಕ್ಕೆ ಹೋಯಿತು. ದೇವೀರ ಒಂದೊಂದೇ ಹೆಜ್ಜೆ ಮುಂದಿಟ್ಟ. ಇಕ್ಕಟ್ಟು ಮುಗಿಯುವ ತನಕ ಬೈಗುಳದ ಮಳೆ ಸುರಿಯಿತು. ಅವನು ಒಂದಕ್ಕೂ ತಲೆ ತಗ್ಗಿಸಲಿಲ್ಲ. ದಾಟುವಾಗ ದುರುಗಣ್ಣ ಹುಬ್ಬು ಮಾತ್ರ ಎತ್ತಿದ. ದೇವೀರನಿಗೆ ಕಣ್ಣು ತುಂಬಿ ಬಂತು.

ಆಶ್ರಮದ ಅಂಗಳಕ್ಕೆ ಅವನು ಕುಣಿದುಕೊಂಡೇ ಬಂದ. "ಅವ್ವಾ! ಬಿಡಲಿಲ್ಲ! ಹಿಂದಕ್ಕೆ ನಡೆಸಿದೆ ಅವರನ್ನ! ಮುಖ ನೋಡಬೇಕಿತ್ತು ನೀವು!"

ಜಗಲಿಯ ಮೇಲೆ ಸಾಕಕ್ಕ ಎದ್ದು ಕೂತಳು. ನಾಲ್ಕು ದಿನದಿಂದ ಅವ್ವನಿಗೆ ಅವನ ನೀರು ಬೇಡವಾಗಿತ್ತು. ಇವತ್ತು ಅವಳು ಬುರುಡೆ ತೆಗೆದುಕೊಂಡಳು. ಚೆಲ್ಲಲಿಲ್ಲ. ಕುಡಿಯಲೂ ಇಲ್ಲ. ಮೂಲೆಯಲ್ಲಿ ಇಟ್ಟಳು.

"ಯಾಕವ್ವಾ? ಇನ್ನೇನು ಮಾಡಬೇಕಿತ್ತು ನಾನು?"

"ಅರ್ಧ ಆಯ್ತು. ಸಂಜೆ ನೀರು ತಾ."

ದೇವೀರನಿಗೆ ಪೆಚ್ಚಾಯಿತು. ಈ ಮುದುಕಿಯನ್ನು ಮೆಚ್ಚಿಸುವುದು ಯಾರಪ್ಪನಿಂದಲೂ ಆಗದು ಎಂದು ಗೊಣಗಿಕೊಂಡ.

ಅತ್ತ ಬೇಟೆಮನೆ ತಲುಪಿದ ನಾಯಕರು ಸಿಟ್ಟು ತಡೆಯಲಾರದೆ ದುರುಗಣ್ಣನನ್ನು ಕೆಲಸದಿಂದ ಓಡಿಸಿದರು. ಅವನು ಹೆಗಲ ಬಟ್ಟೆ ಒದರಿ ಹೊರಟ. ಉಳಿದ ಮೂವರೂ ಹೆಗಲ ಬಟ್ಟೆ ಒದರಿ ಅವನ ಹಿಂದೆ ಹೊರಟರು. ಪಲ್ಲಕ್ಕಿ ದಡದಲ್ಲಿ ಉಳಿಯಿತು. ಸಂಜೆಗೆ ಮನೆ ಸೇರಬೇಕಾದರೆ ನಾಯಕರು ನಡೆದೇ ಹತ್ತಬೇಕಾಯಿತು.

ದೇವೀರ ಖಾಲಿ ಬುರುಡೆ ಕಟ್ಟಿಕೊಂಡು ಇಳಿಯುತ್ತಿದ್ದಾಗ ಅದೇ ಇಕ್ಕಟ್ಟಿನಲ್ಲಿ ಅವರು ಎದುರಾದರು. ರುಮಾಲು ಬಿಚ್ಚಿಹೋಗಿತ್ತು. ಜರತಾರಿ ಜೋಡು ಕೈಯಲ್ಲಿತ್ತು. ಬಂಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಬೈಯಲು ಬಾಯಿ ತೆರೆದರು, ದನಿ ಬರಲಿಲ್ಲ.

ಸುತ್ತ ಯಾರೂ ಇರಲಿಲ್ಲ. ಅಲ್ಲಾಡದೆ ನಿಂತುಬಿಡಬೇಕು ಎನ್ನಿಸಿತು ದೇವೀರನಿಗೆ. ಸಾಕಕ್ಕನ ಸೊಟ್ಟಗಾದ ಕೈ ಕಣ್ಣ ಮುಂದೆ ಬಂತು. ಇವರೂ ಒಮ್ಮೆ ತಿರುಗಲಿ, ಇವರೂ ಜಾರಲಿ. ಹಾಗೆಂದುಕೊಂಡೇ ನಿಂತ.

ನಿಂತವನಿಗೆ ಆ ಏದುಸಿರು ಕೇಳಿಸಿತು. ಬೆಳಗ್ಗೆ ತನ್ನ ಎದೆಯಲ್ಲಿ ಇದ್ದದ್ದೂ ಅದೇ ಸದ್ದು.

ದೇವೀರ ಹಿಂದು ಹಿಂದಕ್ಕೆ ಹತ್ತಿ, ಇಕ್ಕಟ್ಟು ಮುಗಿದಲ್ಲಿ ಸರಿದು ನಿಂತ. ಈ ಸಲ ಕೈಮುಗಿಯಲಿಲ್ಲ. ನೆಟ್ಟಗೆ ನಿಂತಿದ್ದ. ನಾಯಕರು ತೆವಳಿದಂತೆ ದಾಟಿಹೋದರು.

ಅವನು ಹೊಳೆಗೆ ಓಡಿ, ನೀರು ತುಂಬಿಕೊಂಡು ಮತ್ತೆ ಹತ್ತಿದಾಗ ನಾಯಕರು ಇನ್ನೂ ಆಶ್ರಮದ ಕೆಳಗಿನ ತಿರುವಿನಲ್ಲೇ ಇದ್ದರು. ದೇವೀರ ಅವರನ್ನು ಹಿಂದೆ ಹಾಕಲಿಲ್ಲ. ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂದೆಯೇ ಬಂದ.

ನಾಯಕರು ಅಂಗಳಕ್ಕೆ ಬಂದವರೇ ಕುಸಿದು ಕೂತರು.

"ಸಾಕೀ, ಅವರಿಗೆ ನೀರು ಕೊಡು. ಹತ್ತಿ ಬಂದಿದಾರೆ," ಎಂದಳು ಅವ್ವ.

ಸಾಕಕ್ಕ ದೇವೀರನ ಬೆನ್ನಿನಿಂದ ಬುರುಡೆ ಬಿಚ್ಚಿಕೊಂಡು ಎಡಗೈಯಲ್ಲಿ ಚಾಚಿದಳು. ದಬ್ಬೆ ಕಟ್ಟಿದ ಬಲಗೈ ನಾಯಕರ ಕಣ್ಣಿಗೆ ಬಿತ್ತು. ಅವರು ಕಣ್ಣು ತಪ್ಪಿಸಿ ಗಟಗಟ ಕುಡಿದರು. ನೀರು ಇಳಿದದ್ದೇ ದನಿ ಏರಿತು.

"ನೋಡಿದೆಯಾ ಮುದುಕೀ? ನಿನ್ನ ಶಿಷ್ಯ ಈಗ ದಾರಿ ಬಿಟ್ಟ. ಬುದ್ಧಿ ಬಂತು."

ಅವ್ವ ದೇವೀರನತ್ತ ತಿರುಗಿದಳು. "ಯಾಕೆ ಬಿಟ್ಟೆ?"

"ಹತ್ತುತಾ ಇದ್ರು ಅವ್ವಾ."

ಅವ್ವ ಸಾಕಕ್ಕನ ಕಡೆಗೆ ಕೈ ನೀಡಿದಳು. ಬುರುಡೆಯಲ್ಲಿ ಉಳಿದ ನೀರನ್ನು ಎತ್ತಿ ಕುಡಿದಳು, ಕೊನೆಯ ಹನಿಯ ತನಕ. ದೇವೀರ ಜಗಲಿಯ ಕಂಬ ಗಟ್ಟಿಯಾಗಿ ಹಿಡಿದುಕೊಂಡ.

ನಾಯಕರು ಎದ್ದು ನಿಂತರು. "ನಾಳೆ ಬೇರೆ ಬೋವಿಗಳನ್ನ ತರಿಸ್ತೀನಿ. ಪಲ್ಲಕ್ಕಿಯಲ್ಲೇ ಇಳೀತೀನಿ."

ಅವ್ವ ಬುರುಡೆ ಕೆಳಗಿಟ್ಟಳು. "ಇಳೀತಾ ಇದ್ರೆ ಹಿಂದಕ್ಕೆ ಹೋಗಬೇಕಾಗ್ತದೆ."

"ಪಲ್ಲಕ್ಕಿಯಲ್ಲೇ ಹತ್ತಿ ಬಂದರೆ? ಆಗ ಬಿಡಲೇಬೇಕಲ್ಲ ನಿನ್ನವನು ನನಗೆ!"

"ಬಿಡ್ತಾನೆ ನಾಯಕರೇ," ಎಂದಳು ಅವ್ವ. "ನಿಮ್ಮನ್ನ ಹೊತ್ತ ನಾಲ್ವರಿಗೆ."