ದೀಪಕ್ಕೆ ಮೊರ ಅಡ್ಡ ಇಟ್ಟ ಊರು

"ಗುರುಗಳೇ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುರುತಿಲ್ಲದ ರಾಜ್ಯಕ್ಕೆ ಹೋಗಬೇಕಾಗಿದೆ. ಅಲ್ಲಿ ಯಾವ ಊರಿನಲ್ಲಿ ನೆಲೆಸಲಿ?" ಎಂದು ಅಡಿವೆಪ್ಪನೆಂಬ ಶಿಷ್ಯ ಕೇಳಿದ.

"ಯಾರ್ಯಾರನ್ನು ವಿಚಾರಿಸಿದೆ?" ಎಂದರು ಗುರುಗಳು.

"ಯಾರನ್ನೂ ಬಿಟ್ಟಿಲ್ಲ. ಜೋಯಿಸರನ್ನು ಕೇಳಿದೆ. ಆ ಕಡೆ ಲಾರಿ ಓಡಿಸುವವನೊಬ್ಬನನ್ನು ಕೇಳಿದೆ. ಅಲ್ಲಿ ಇದ್ದು ಬಂದ ಮೇಷ್ಟರನ್ನು ಕೇಳಿದೆ. ಕೊನೆಗೆ ನನ್ನ ಷಡ್ಡಕನನ್ನೂ ಕೇಳಿದೆ. ನಾಲ್ವರೂ ನಾಲ್ಕು ಊರು ಹೇಳಿದರು. ಇನ್ನು ಉಳಿದವರು ನೀವೊಬ್ಬರೇ."

ಷಡ್ಡಕನಾದ ಮೇಲೆ ತಮ್ಮ ಸರದಿ ಬಂದದ್ದಕ್ಕೆ ಗುರುಗಳು ಬೇಸರಪಡಲಿಲ್ಲ. ಹೊರಗೆ ಜಗಲಿಯ ಮೇಲೆ ಅಡಿವೆಪ್ಪನ ಹೆಂಡತಿ ನೀಲವ್ವ ಮಕ್ಕಳೊಡನೆ ಕುಳಿತಿದ್ದಳು. ಅವಳಿಗೂ ಕೇಳಿಸುವಷ್ಟು ದನಿಯಲ್ಲಿ ಅವರು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನ ಊರಿನ ನದಿ ತನ್ನ ದಾರಿ ಬದಲಿಸಿತು. ದೋಣಿಗಳು ಬರುವುದು ನಿಂತಿತು, ದೋಣಿಗಳ ಜೊತೆ ಗಿರಾಕಿಗಳೂ ನಿಂತರು. ವರ್ತಕ ತಾಯಿಯನ್ನು, ಹೆಂಡತಿಯನ್ನು, ಎಳೆಯ ಮಗಳನ್ನು ಗಾಡಿಗೆ ಹತ್ತಿಸಿ ಗಡಿ ದಾಟಿದ. ಅದು ಬೇರೆ ರಾಜ್ಯ, ಬೇರೆ ಭಾಷೆ. ಅವನಿಗೆ ಆ ಭಾಷೆಯಲ್ಲಿ ಬೆಲೆ ಕೇಳುವಷ್ಟು ಬರುತ್ತಿತ್ತು. ಉಳಿದವರಿಗೆ ಅದೂ ಇಲ್ಲ. ಮಳೆಗಾಲ ಹಿಡಿಯುವ ಮೊದಲು ತಲೆಯ ಮೇಲೊಂದು ಸೂರು ಆಗಬೇಕಿತ್ತು.

ವರ್ತಕ ಬಹಳ ಜಾಗರೂಕ ಮನುಷ್ಯ. ಕುಂಬಳಕಾಯಿ ಕೊಳ್ಳುವಾಗಲೂ ಬಳ್ಳಿಯ ಕುಲಗೋತ್ರ ವಿಚಾರಿಸುವವನು. ಊರು ಕೊಳ್ಳುವಾಗ ಬಿಡುತ್ತಾನೆಯೇ?

ಅವನ ತಾಯಿ ಹೊರಡುವ ಗಡಿಬಿಡಿಯಲ್ಲಿ ಬೆಳ್ಳಿಯ ಬಟ್ಟಲು ಮರೆತಿದ್ದಳು, ಹೆಪ್ಪು ಮರೆತಿರಲಿಲ್ಲ. ಕೊನೆಗೆ ಮೊಸರನ್ನ ಉಣ್ಣದಿದ್ದರೆ ಆಕೆ ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದಿನವೂ ಸಂಜೆ ಹಾಲು ಕಾಸಿ ಹೆಪ್ಪು ಹಾಕುತ್ತಿದ್ದಳು. ಹಾಲು ಮೊಸರಾಗುವುದಕ್ಕೆ ಬೇಕಾದದ್ದು ಯಾರೂ ಅಲುಗಿಸದ ಒಂದು ಮೂಲೆ. ವರ್ತಕನ ಬಳಿ ಇಲ್ಲದಿದ್ದದ್ದೂ ಅದೇ.

ಮೊದಲ ಊರಿನ ಹಿರಿಯರು, "ನಮ್ಮ ಊರವರು ದೇವರಂಥವರು" ಎಂದರು. ವರ್ತಕನಿಗೆ ಸಂತೋಷವಾಯಿತು. ಬಾವಿಯ ನೀರು ಕುಡಿದು ನೋಡಿದ, ಸವುಳು. ಬೆಳಗಾಗುತ್ತಲೇ ಗಾಡಿ ಹೂಡಿದ. ಎರಡನೆಯ ಊರಿನವರು, "ನಮ್ಮಲ್ಲಿ ಜಗಳವೆಂಬುದೇ ಇಲ್ಲ" ಎಂದರು. ನೀರೂ ಸಿಹಿ. ಆದರೆ ಪೇಟೆ ದೂರ. ಮತ್ತೆ ಗಾಡಿ ಹೂಡಿದ. ಮೂರನೆಯ ಊರಿನಲ್ಲಿ ಜನವೂ ಒಳ್ಳೆಯವರು, ನೀರೂ ಸಿಹಿ, ಪೇಟೆಯೂ ಹತ್ತಿರ. ವರ್ತಕ ರಾತ್ರಿಯಿಡೀ ಯೋಚಿಸಿದ. ಇಲ್ಲಿಯೇ ಇಷ್ಟು ಚೆನ್ನಾಗಿದ್ದರೆ ಮುಂದೆ ಇನ್ನೆಷ್ಟು ಚೆನ್ನಾಗಿರಬೇಡ! ಗಾಡಿ ಹೂಡಿದ.

ಪ್ರತಿ ಬೆಳಗೂ ಗಾಡಿ ಕುಲುಕಿ ಮಡಕೆಯೊಳಗಿನದು ಹಾಲೂ ಅಲ್ಲದೆ ಮೊಸರೂ ಅಲ್ಲದೆ ಉಳಿಯುತ್ತಿತ್ತು. ತಾಯಿ ಅರೆಹೊಟ್ಟೆ ಉಂಡು ಏಳುತ್ತಿದ್ದಳು. ಅವಳ ಕೈಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರತೊಡಗಿದವು. ಊರು ಬಂದಾಗಲೆಲ್ಲ "ಅಪ್ಪಾ, ಇದೇನಾ ನಮ್ಮೂರು?" ಎಂದು ಕೇಳುತ್ತಿದ್ದ ಮಗಳು ಮೂರನೆಯ ಊರಿನ ನಂತರ ಕೇಳುವುದನ್ನು ಬಿಟ್ಟಳು. ಆಮೇಲೊಂದು ಹಳ್ಳ ದಾಟುವಾಗ ಮಡಕೆ ಉರುಳಿತು. ಹೆಪ್ಪು ನೀರುಪಾಲಾಯಿತು.

ಆ ಸಂಜೆ ಎತ್ತುಗಳು ಬಳಲಿದ್ದರಿಂದ ಯಾರೂ ಹೆಸರು ಹೇಳದಿದ್ದ ಒಂದು ಊರಿನಲ್ಲಿ ಅವರು ಇಳಿದರು. ಒಂದು ಪಾಳುಬಿದ್ದ ಮನೆಯಲ್ಲಿ ಜಾಗ ಸಿಕ್ಕಿತು. ತಾಯಿ ಹಾಲು ಕಾಸಿ, ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಬರಿದಾದ ಚಮಚವನ್ನು ಮುಂದೆ ಹಿಡಿದಳು. ಹೆಪ್ಪು ಕೇಳುವುದಕ್ಕೆ ಭಾಷೆ ಬೇಕಾಗಲಿಲ್ಲ. ಆ ಮನೆಯಾಕೆ ಇಲ್ಲವೆಂದು ತಲೆಯಾಡಿಸಿ ದೇವರ ಗೂಡಿನ ದೀಪದ ಕಡೆ ಕೈ ತೋರಿಸಿದಳು. ದೀಪ ಹಚ್ಚಿದ ಮೇಲೆ ಹೆಪ್ಪನ್ನು ಹೊರಗೆ ಕೊಡುವಂತಿಲ್ಲ. ಆ ಕಟ್ಟಳೆ ಗಡಿಯ ಎರಡೂ ಕಡೆ ಇತ್ತು. ತಾಯಿ ಒಪ್ಪಿಕೊಂಡು ತಿರುಗಿದಳು.

ಮನೆಯಾಕೆ ಅವಳ ಸಡಿಲಾದ ಬಳೆಗಳನ್ನು ನೋಡಿದಳು. ಒಳಗೆ ಹೋಗಿ ಒಂದು ಮೊರ ತಂದು ದೀಪದ ಮುಂದೆ ಅಡ್ಡ ಇಟ್ಟಳು. ದೀಪಕ್ಕೆ ಈಗ ಏನೂ ಕಾಣುವಂತಿರಲಿಲ್ಲ. ತನ್ನ ಕುಡಿಕೆಯ ತಳದಲ್ಲಿದ್ದ ಮೊಸರನ್ನೆಲ್ಲ ಕೆರೆದು ಚಮಚಕ್ಕೆ ಹಾಕಿದಳು. ಬರಿದಾದ ಕುಡಿಕೆ ತೋರಿಸಿದಳು, ಮೂಡಲ ದಿಕ್ಕು ತೋರಿಸಿದಳು, ತನ್ನ ಅಂಗೈ ತೋರಿಸಿದಳು. ಎಂದರೆ, ನಾಳೆ ನನ್ನ ಹೆಪ್ಪು ನನಗೆ ಬರಬೇಕು. ಆಮೇಲೆ ಮೊರ ತೆಗೆದಳು.

ಬೆಳಗಾಯಿತು. ವರ್ತಕ ಗಾಡಿ ಹೂಡಿದ.

"ಏಳವ್ವ, ಹೊರಡೋಣ. ಮುಂದೆ ಒಳ್ಳೆಯ ಊರಿದೆಯಂತೆ."

"ಹೆಪ್ಪು ಹಾಕಿದ್ದೇನೆ. ಮಡಕೆ ಮುಟ್ಟಬೇಡ."

"ಅದು ಯಾವಾಗ ಮೊಸರಾಗುತ್ತದೆ?"

"ಊರೂರಿನ ಹಿರಿಯರನ್ನೆಲ್ಲ ಕೇಳುತ್ತೀಯಲ್ಲ, ಮಡಕೆಯನ್ನೂ ಒಂದು ಮಾತು ಕೇಳು" ಎಂದು ತಾಯಿ ಮಡಕೆಯ ಪಕ್ಕದಲ್ಲೇ ಕುಳಿತಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ತನ್ನ ಹೆಪ್ಪಿನ ಯೋಗಕ್ಷೇಮ ನೋಡಲು ಬಂದಳು. ಮುಚ್ಚಳ ತೆಗೆದು, ಇನ್ನೂ ಗಟ್ಟಿಯಾಗದ ಹಾಲು ಕಂಡು ಬೈಯತೊಡಗಿದಳು. ತಾಯಿಯೂ ಸುಮ್ಮನಿರಲಿಲ್ಲ. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಆದರೂ ಆ ಜಗಳದಲ್ಲಿ ಒಂದು ಮಾತೂ ವ್ಯರ್ಥವಾಗಲಿಲ್ಲ. ವರ್ತಕನ ಹೆಂಡತಿ ಇಬ್ಬರನ್ನೂ ನೋಡಿ ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮಗಳು ಆ ಮನೆಯ ಕರುವಿನ ಹಿಂದೆ ಓಡಿ ಕಣ್ಮರೆಯಾದಳು.

ಮಧ್ಯಾಹ್ನದ ಹೊತ್ತಿಗೆ ಮೊಸರಾಯಿತು. ತಾಯಿ ಮೊದಲ ಚಮಚವನ್ನು ಪಕ್ಕದ ಮನೆಗೆ ಕೊಟ್ಟು ಬಂದು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

"ಈಗ ಹೊರಡಬಹುದಲ್ಲವೇ?" ಎಂದ ವರ್ತಕ.

"ಹೇಗೆ ಹೊರಡುವುದೋ? ಅವಳು ನನ್ನನ್ನು ಅಷ್ಟು ಬೈದಿದ್ದಾಳೆ. ನಾಳೆ ಅವಳ ಮೊಸರು ನೀರಾದರೆ ಬೈಯುವುದಕ್ಕೆ ನಾನಿರಬೇಡವೇ?"

ಮರುದಿನ ಆಕೆಯ ಮೊಸರು ಗಟ್ಟಿಯಾಗಿಯೇ ಆಯಿತು. ತಾಯಿಗೆ ಸ್ವಲ್ಪ ನಿರಾಸೆಯಾಯಿತು. ಅದರ ಮರುದಿನ ಬೆಕ್ಕು ಇವರ ಮಡಕೆ ಉರುಳಿಸಿತು. ಹೆಪ್ಪು ಮತ್ತೆ ಆ ಮನೆಯಿಂದ ಬಂತು, ಬೈಗುಳದ ಸಮೇತ. ಹೆಪ್ಪು ಹೀಗೆ ಅತ್ತಿಂದಿತ್ತ ಓಡಾಡುತ್ತಲೇ ಇತ್ತು. ವರ್ತಕ ಹೊರಡುವುದಕ್ಕೆ ಒಂದು ಒಳ್ಳೆಯ ಬೆಳಗನ್ನು ಕಾಯುತ್ತಲೇ ಇದ್ದ. ಕಾಯುತ್ತ ಅಂಗಡಿ ಹಾಕಿದ. ಕಾಯುತ್ತ ಮನೆಯ ಸೂರು ಕಟ್ಟಿಸಿದ. ಕಾಯುತ್ತ ಅದೇ ಊರಿನ ಹುಡುಗನಿಗೆ ಮಗಳನ್ನು ಕೊಟ್ಟ.

ಆ ಊರಿನ ನೀರು ಸವುಳು. ಪೇಟೆ ದೂರ. ಜಗಳ ಧಾರಾಳ. ಆದರೂ ಹೊಸಬರು ಯಾರಾದರೂ ಗಾಡಿ ನಿಲ್ಲಿಸಿ ಊರು ಹೇಗೆ ಎಂದು ವಿಚಾರಿಸಿದರೆ, ಮುದುಕನಾಗಿದ್ದ ವರ್ತಕ ಒಂದಿಷ್ಟೂ ನಗದೆ, "ನಮ್ಮ ಊರವರು ದೇವರಂಥವರು" ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಬಹಳ ಗಮನವಿಟ್ಟು ಕೇಳಿದ್ದ.

"ಊರಿನ ಹೆಸರು ಹೇಳಲಿಲ್ಲ, ಗುರುಗಳೇ. ನನಗೆ ಹೇಳಿದ ನಾಲ್ಕರಲ್ಲಿ ಅದು ಯಾವುದು?"

ಜಗಲಿಯ ಮೇಲೆ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ಒಳಗೆ ಕೇಳಿಸಿತು.

"ಯಾರನ್ನೂ ಬಿಟ್ಟಿಲ್ಲ ಎಂದೆಯಲ್ಲ ಅಡಿವೆಪ್ಪ," ಎಂದರು ಗುರುಗಳು, "ನಿನ್ನ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವಳನ್ನು ಕೇಳಿದೆಯಾ?"