ಎತ್ತಿದರೆ ಬರುವ ಕಲ್ಲು

“ಗುರುಗಳೇ, ನನ್ನ ನಂಬಿಕೆಯನ್ನು ದಿನವೂ ಅಲ್ಲಾಡಿಸಿ ನೋಡುತ್ತೇನೆ. ದಿನವೂ ಅದು ಸಡಿಲವಾಗಿಯೇ ಸಿಗುತ್ತದೆ. ಇಂಥದ್ದನ್ನು ಹಿಡಿದುಕೊಂಡು ಎಷ್ಟು ದೂರ ಹೋಗಲಿ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯಿದ್ದ. ಎತ್ತಿ, ಅಲ್ಲಾಡಿಸಿ, ಕಿವಿಗೆ ಹಿಡಿದು ನೋಡದೆ ಒಂದು ತೆಂಗಿನಕಾಯಿಯನ್ನೂ ಕೊಂಡವನಲ್ಲ. ಅವನ ಅಂಗಡಿ ಬೆಳೆದದ್ದೇ ಆ ಗುಣದಿಂದ. ಅದನ್ನು ತಪ್ಪು ಎನ್ನಲಾಗದು.

ಅವನ ಮಗಳನ್ನು ಬೆಟ್ಟದ ಮೇಲಿನ ಊರಿಗೆ ಕೊಟ್ಟಿತ್ತು. ಜ್ವರ ಏರಿದಾಗ ಅವಳು ‘ಅಪ್ಪನನ್ನು ಒಮ್ಮೆ ನೋಡಬೇಕು’ ಎಂದು ಹೇಳಿಕಳಿಸಿದಳು. ವ್ಯಾಪಾರಿ ಅಂಗಡಿ ಮುಚ್ಚಿ ಓಡಿದ. ಬುಡಕ್ಕೆ ಬಂದು ನೋಡಿದರೆ ಬಂಡೆ ಉರುಳಿ ಮೆಟ್ಟಿಲ ದಾರಿ ಮುಚ್ಚಿಹೋಗಿತ್ತು. ಉಳಿದದ್ದು ಒಂದೇ ದಾರಿ. ಬಂಡೆಯಲ್ಲಿ ಮೈ ತೂರುವಷ್ಟು ಅಗಲದ ಸೀಳು, ಬುಡದಿಂದ ನೆತ್ತಿಯವರೆಗೆ.

ಜೇನು ಕೀಳುವ ಹೆಂಗಸೊಬ್ಬಳು ಅಲ್ಲಿದ್ದಳು. ಅವಳು ಅವನ ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಗೆ ಮರದ ಕೊಕ್ಕೆ ಕಟ್ಟಿದಳು.

“ಹೆದರಬೇಡಿ ಸಾವ್ಕಾರ್ರೇ, ನಮ್ಮ ಕೂಸುಗಳು ಹತ್ತೋದು ಕಲಿಯೋದೇ ಇದರಲ್ಲಿ. ಬೆನ್ನು ಈ ಗೋಡೆಗೆ, ಪಾದ ಆ ಗೋಡೆಗೆ ಒತ್ತಿ. ಭಯ ಆಯ್ತು ಅಂತ ಒಳಕ್ಕೆ ನುಸುಳಬೇಡಿ. ನಿಮ್ಮ ಹೊಟ್ಟೆಗೆ ಅಲ್ಲಿ ಜಾಗ ಇಲ್ಲ.”

ಅವಳು ಮುಂದೆ ಹೋದಳು. ಗೋಡೆಯ ಬಿರುಕು ಕೆಳಗೆ ಕಿರಿದಾಗುವ ಕಡೆ ಮುಷ್ಟಿಗಾತ್ರದ ಕಲ್ಲು ಇಳಿಬಿಟ್ಟು, ಅದಕ್ಕೆ ಸುತ್ತಿದ ಹಗ್ಗದ ಕುಣಿಕೆಯನ್ನು ಹೊರಗೆ ತೂಗಬಿಡುತ್ತಿದ್ದಳು. ಹಿಂದೆ ಬರುವವನು ತನ್ನ ಕೊಕ್ಕೆಯನ್ನು ಕುಣಿಕೆಯಿಂದ ಕುಣಿಕೆಗೆ ಸಿಕ್ಕಿಸುತ್ತ ಏರಬೇಕು.

ವ್ಯಾಪಾರಿ ಮೊದಲ ಕಲ್ಲಿನ ಹತ್ತಿರ ಬಂದ. ರೂಢಿಯಂತೆ ಎತ್ತಿ ನೋಡಿದ. ಕಲ್ಲು ಕೈಗೇ ಬಂತು. ಅದನ್ನು ಮತ್ತೆ ಬಿರುಕಿಗೆ ತುರುಕಿ ಮೇಲೇರಿದ. ಎರಡನೆಯದನ್ನೂ ಎತ್ತಿದ. ಅದು ಬಂದದ್ದಷ್ಟೇ ಅಲ್ಲ, ಬೆವತ ಕೈಯಿಂದ ಜಾರಿ ಕುಣಿಕೆ ಸಮೇತ ಕೆಳಗೆ ಹೋಯಿತು. ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿತು.

“ಏನಮ್ಮಾ ಇದು? ಎತ್ತಿದರೆ ಬರುತ್ತೆ ನಿನ್ನ ಕಲ್ಲು!” ಎಂದು ಕೂಗಿದ.

ಮೇಲಿನಿಂದ ನಗು ಕೇಳಿತು. “ಬರದೆ ಇನ್ನೇನು ಸಾವ್ಕಾರ್ರೇ? ನೀವು ಬೀಳೋದು ಮೇಲಕ್ಕಾ?”

ಅವನು ಎರಡೂ ಕೈಯನ್ನು ಗೋಡೆಗೆ ಒತ್ತಿ ಇನ್ನಷ್ಟು ಏರಿದ. ಮೂರನೆಯ ಕಲ್ಲನ್ನು ಎತ್ತಿ ನೋಡುವಷ್ಟು ಕೈ ಬಿಡುವಾಗಲಿಲ್ಲ. ಕುಣಿಕೆಗೆ ಕೊಕ್ಕೆ ಸಿಕ್ಕಿಸಿದ್ದೇ ತಡ, ಪಾದ ಜಾರಿತು.

ಬಿದ್ದ. ‘ಕಟಕ್’ ಎಂದು ಕಲ್ಲು ಬಿರುಕಿನೊಳಗೆ ಕಚ್ಚಿತು. ಹಗ್ಗ ಬಿಗಿಯಿತು. ಅವನು ತೂಗಾಡಿದ.

ಕೆಳಗೆ ಬಯಲು, ಪೇಟೆ, ಹೊಳೆ ಎಲ್ಲ ಅಂಗೈಯಗಲ ಕಂಡವು. ಮೇಲೆ ಆಕಾಶ ಒಂದು ದಾರದಷ್ಟಿತ್ತು. ಇವೆರಡರ ನಡುವೆ ಅವನನ್ನು ಹಿಡಿದದ್ದು ಅವನ ತಕ್ಕಡಿಯ ತೂಕದ ಬಟ್ಟಿಗಿಂತ ಚಿಕ್ಕದಾದ ಒಂದು ಕಲ್ಲು. ಜೀವಮಾನವಿಡೀ ಸರಕು ತೂಗಿದವನು, ತನ್ನನ್ನೇ ತೂಗುತ್ತಿದ್ದ ಅದನ್ನು ಬಾಯಿಬಿಟ್ಟು ನೋಡಿದ. ಹೇಗೋ ಪಾದ ಮತ್ತೆ ಗೋಡೆಗೆ ಸಿಕ್ಕಿತು. ಕೈ ಚಾಚಿ ಆ ಕಲ್ಲನ್ನು ಈಗ ಎತ್ತಿ ನೋಡಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಅದಕ್ಕೆ ಹಣೆ ತಾಗಿಸಿದ.

ಮುಂದಿನ ಕಲ್ಲುಗಳನ್ನು ಅವನು ಎತ್ತಲಿಲ್ಲ. ಕೊಕ್ಕೆ ಸಿಕ್ಕಿಸಿ, ಮೆಲ್ಲನೆ ಮೈಭಾರ ಬಿಟ್ಟು ನೋಡುತ್ತ ಏರಿದ. ಹೊತ್ತು ಇಳಿಯುವ ಮೊದಲು ಅವನ ಕೈ ಮಗಳ ಹಣೆಯ ಮೇಲಿತ್ತು. ‘ಬಂದ್ಯಾ ಅಪ್ಪಾ’ ಎಂದು ಅವಳು ಕಣ್ಣು ತೆರೆದಳು.

ಕತೆ ನಿಂತಿತು. ಮುರಿಗೆಪ್ಪ ಏನೋ ಕೇಳಲು ಬಾಯಿ ತೆರೆದ. ಗುರುಗಳೇ ಅವನನ್ನು ಕೇಳಿದರು:

“ನಿನ್ನದನ್ನು ದಿನವೂ ಎತ್ತಿ ನೋಡಿದೆ, ಸರಿ. ಅದರ ಮೇಲೆ ಒಮ್ಮೆಯಾದರೂ ಬಿದ್ದಿದ್ದೀಯಾ?”