ಪೆಟ್ಟಿಗೆಯ ಮಣೆಗೆ ಇಬ್ಬರು

ಪ್ರೊ... ಪ್ರೊಸೆಸ್... ಆ ಹೆಸರು ಈ ಮುದಿ ನಾಲಿಗೆಗೆ ಬರುತ್ತಿಲ್ಲ, ಶಾಲ್ಮಲಿ, ನಾನು ಹೇಳಿದಂತೆ ಬರೆದುಕೊಳ್ಳುತ್ತಾ ಹೋಗು. ಕಂಪ್ಯೂಟರಿನ ಮಿದುಳು ಎನ್ನೋಣ.

ಒಂದು ಕಂಪ್ಯೂಟರ್ ಪೆಟ್ಟಿಗೆಯೊಳಗೆ, ನಮ್ಮೂರಿನ ಊಟದ ಮಣೆಯಂಥ ಮಣೆಯ ಮೇಲೆ, ಹಳೆಯ ಮಿದುಳೊಂದು ಕೂತಿತ್ತು. ಲೆಕ್ಕ ಮಾಡು ಎಂದರೆ ಆಕಳಿಸುತ್ತಿತ್ತು. ಪೆಟ್ಟಿಗೆ ಗದರಿದರೆ, "ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯೇ? ಈ ಮಣೆಯ ತೂತುಗಳಿಗೆ ಹೊಂದುವುದು ನನ್ನ ಕಾಲುಗಳು ಮಾತ್ರ" ಎಂದು ನಗುತ್ತಿತ್ತು.

ಒಂದು ದಿನ ಬೇರೆ ಕಾರ್ಖಾನೆಯ ಹೊಸ ಮಿದುಳು ಬಾಗಿಲಿಗೆ ಬಂತು. "ನಾನು ಚುರುಕು. ನನ್ನನ್ನು ಸೇರಿಸಿಕೋ. ನನ್ನ ಕಾಲಿಗೆ ಹೊಂದದ ಆ ಮಣೆಯನ್ನು ಕಿತ್ತು ಬಿಸಾಡು."

ಮಣೆ ಪೆಟ್ಟಿಗೆಯತ್ತ ತಿರುಗಿತು. "ಅಕ್ಕಾ, ನಾನೇನು ತಪ್ಪು ಮಾಡಿದೆ?"

ಪೆಟ್ಟಿಗೆ ಮಣೆಯನ್ನು ತಬ್ಬಿಕೊಂಡಿತು. "ಇವಳನ್ನು ಕೀಳಲಾರೆ ಕಣಪ್ಪಾ. ನನ್ನ ತಂಗಿ, ಇನ್ನೊಂದು ಪೆಟ್ಟಿಗೆ, ಈಗ ತಯಾರಾಗುತ್ತಿದ್ದಾಳೆ. ಅವಳ ಮಣೆಯನ್ನು ನಿನ್ನ ಕಾಲಿನ ಅಳತೆಗೇ ಕೊರೆಸುತ್ತೇನೆ. ಅಲ್ಲಿಯವರೆಗೆ ನಮ್ಮ ಜಗುಲಿಯಲ್ಲಿ ಕೂತಿರು."

ಹೊಸ ಮಿದುಳು ಒಪ್ಪಿ ಜಗುಲಿಯಲ್ಲಿ ಕೂತಿತು. ಅದನ್ನು ಕಂಡು, ನಾಳೆ ಕೆಲಸವೆಲ್ಲ ತಂಗಿ ಪೆಟ್ಟಿಗೆಗೆ ಹೋದೀತೆಂದು ಹೆದರಿದ ಹಳೆಯ ಮಿದುಳು ಒಂದೇ ಉಸಿರಿಗೆ ಲೆಕ್ಕವೆಲ್ಲ ಮುಗಿಸಿ, "ಇನ್ನೇನಾದರೂ ಕೆಲಸ ಇದೆಯೇ, ಅಕ್ಕನವರೇ?" ಎಂದು ಕೇಳಿತು.

ಮಣೆ ಕಿಸಕ್ಕನೆ ನಕ್ಕಿತು. ಶಾಲ್ಮಲಿ, ಆ ನಗುವನ್ನೂ ಸೇರಿಸಿ ಬರೆದುಕೋ, ಪುಟ್ಟೀ. ಮಿದುಳಿನ ಸರಿಯಾದ ಹೆಸರನ್ನು ನೀನೇ ಹಾಕು.